ನನ್ನ ಹೆಸರಿನ ಸ್ಟಾಂಪು

ನಾನು ಅಲ್ಬೇನಿಯಾದ ವ್ಲೊರಾದವಳು. ಅಲ್ಲಿ ಶಾಲೆಯಲ್ಲಿ ಟೀಚರ್ ಆಗಿದ್ದೆ. 1997ರಲ್ಲಿ ದುಪ್ಪಟ್ಟು ಕೊಡ್ತೀವಿ ಅಂದಿದ್ದ ಹಣದ ಸ್ಕೀಮುಗಳೆಲ್ಲ ಮುಳುಗಿದವು. ಹಸು ಮಾರಿದ ದುಡ್ಡನ್ನೂ ನಾವು ಅದಕ್ಕೇ ಹಾಕಿದ್ದೆವು. ಗಂಡ ಆಗಲೇ ಅಥೆನ್ಸಿನಲ್ಲಿ ಗಾರೆ ಕೆಲಸಕ್ಕಿದ್ದರು. ನಾನೂ ಹೊರಟೆ.

ಇಟಾಲಿಯನ್ ಟಿವಿ ನೋಡಿ ನೋಡಿ ಆ ಭಾಷೆ ಬರ್ತಿತ್ತು. ಗ್ರೀಸಿನಲ್ಲಿ ಅದರಿಂದ ಏನು ಪ್ರಯೋಜನ! ಗ್ರೀಕಿನಲ್ಲಿ ನಾನು ಕಲಿತ ಮೊದಲ ಉದ್ದದ ಪದ ಸ್ಫುಂಗರೀಸ್ತ್ರ. ನೆಲ ಒರೆಸುವ ಮಾಪು. ಐದು ಮನೆ, ಎರಡು ಅಪಾರ್ಟ್‌ಮೆಂಟಿನ ಮೆಟ್ಟಿಲು, ಎಲ್ಲದಕ್ಕೂ ಅದೇ. ಒಂದು ಮನೆಯ ಅಜ್ಜಿಗೆ ನನ್ನ ಹೆಸರು ಬಾಯಿಗೆ ಬರಲಿಲ್ಲ. ಮರಿಯಾ ಅಂದುಬಿಟ್ಟರು. ಸುಮ್ನೆ ಇದ್ದೆ.

1998ರಲ್ಲಿ ಗ್ರೀಸ್ ಸರ್ಕಾರ ಮೊದಲ ಸಲ ನಮ್ಮಂಥ ವಲಸಿಗರಿಗೆ ದೇಶದಲ್ಲಿರಲು ಕಾಗದ ಕೊಡಲು ಶುರು ಮಾಡಿತು. ಮುಂದೆ ಪರ್ಮಿಟ್ ಬಂದಾಗ ನಾನು ಗಂಡನ ಕಾಗದದ ಬಾಲ. ಅವರದು ನಿಂತರೆ ನನ್ನದೂ ನಿಲ್ಲುತ್ತದೆ. ಸ್ವಂತ ಪರ್ಮಿಟ್ ಬೇಕಾದರೆ ಇಂತಿಷ್ಟು ಎನ್ಸಿಮಾ ಬೇಕಿತ್ತು, ಅಂದರೆ ದುಡಿದ ದಿನಕ್ಕೆ ವಿಮೆ ಕಟ್ಟಿದ ಸ್ಟಾಂಪು. ಮನೆಗೆಲಸಕ್ಕೆ ಅದನ್ನು ಹಾಕಿಸುವವರು ಯಾರು?

ಐದೂ ಮನೆಯಲ್ಲಿ ಕೇಳಿದೆ. ಒಬ್ಬರು ನಕ್ಕರು. ಒಬ್ಬರು ಮಾರನೇ ದಿನದಿಂದ ಬರಬೇಡ ಅಂದರು. ಕೊನೆಗೆ ಒಂದು ಮನೆಯವರಿಗೆ, ಅರ್ಧ ದುಡ್ಡು ನಾನೇ ಕೊಡ್ತೀನಿ ಅಂದೆ, ಒಪ್ಪಿದರು. ಅನ್ಯಾಯವೇ, ಆದರೂ ಕೊಟ್ಟೆ. ಇನ್ನೊಂದು ಪಾಡು ಕೇಳಿ. ನನ್ನ ಹೆಸರಲ್ಲಿ 'ಶ' ಇದೆ, ಗ್ರೀಕಿನಲ್ಲಿ ಆ ಸದ್ದೇ ಇಲ್ಲ. ಗುಮಾಸ್ತರು 'ಸ' ಬರೆದರು. ಪಾಸ್‌ಪೋರ್ಟಿನವಳು ಒಬ್ಬಳು, ಸ್ಟಾಂಪಿನವಳು ಇನ್ನೊಬ್ಬಳು! ತಿದ್ದಿಸಲು ಮೂರು ಸಲ ಕ್ಯೂ ನಿಂತೆ. ಆಮೇಲಿಂದ ಕೌಂಟರಿನಲ್ಲೇ ಒಂದೊಂದು ಅಕ್ಷರ ಓದಿ ನೋಡಿಯೇ ಆಚೆ ಬರುತ್ತಿದ್ದೆ. ಎರಡು ತಿಂಗಳಿಗೊಮ್ಮೆ ಸ್ಟಾಂಪು ಎಣಿಸುತ್ತಿದ್ದೆ. ನೀವೂ ಹೊರದೇಶದಲ್ಲಿದ್ದರೆ ವರ್ಷದ ಕೊನೆವರೆಗೆ ಕಾಯಬೇಡಿ.

2010ರ ಹೊತ್ತಿಗೆ ದೇಶಕ್ಕೇ ಸಾಲದ ಸಂಕಟ. ಕಟ್ಟಡ ಕೆಲಸ ನಿಂತುಹೋಯಿತು. ಆದರೆ ವಯಸ್ಸಾದವರನ್ನು ನೋಡಿಕೊಳ್ಳೋದು, ಮನೆ ಒರೆಸೋದು ನಿಲ್ಲಲ್ಲ ಅಲ್ವಾ? ಗಂಡನ ಸ್ಟಾಂಪು ಸಾಲಲಿಲ್ಲ, ನನ್ನದು ಸಾಕಾಯಿತು. ಈಗ ಅವರು ನನ್ನ ಕಾಗದದ ಬಾಲ. ಎರಡು ವರ್ಷ ಮನೆಯಲ್ಲಿ ಬ್ಯುರೆಕ್, ಅಂದರೆ ತೆಳು ಹಿಟ್ಟಿನ ಹಾಳೆಗಳ ನಡುವೆ ಪಾಲಕ್ ತುಂಬಿ ಬೇಯಿಸುವ ನಮ್ಮೂರಿನ ತಿಂಡಿ, ಲಟ್ಟಿಸಿದ್ದು ಅವರೇ. ಹಾಳೆ ದಪ್ಪ, ಪಾಲಕ್ ಕಮ್ಮಿ. ನಾನು ಏನೂ ಅನ್ನಲಿಲ್ಲ.

2011ರಲ್ಲಿ ಎರ್ಗೋಸಿಮೊ ಬಂತು. ಮನೆಯವರು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಒಂದು ಥರದ ಚೆಕ್ ತಂದು ಸಂಬಳ ಕೊಡೋದು, ವಿಮೆ ಅದರಲ್ಲೇ ಸೇರಿರುತ್ತದೆ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಕನ್ನಡಕ ಹುಡುಕಿದರು.

"ಹೆಸರು ಬರೀಬೇಕಂತೆ. ಮರಿಯಾ ಅಲ್ವಾ?"

ನಾನು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಹೇಳಿದೆ. ಬರೆದು ಮುಗಿಸಿ ಅಜ್ಜಿ ನನ್ನ ಮುಖ ನೋಡಿದರು.

"ಹದಿಮೂರು ವರ್ಷ ಆಯ್ತಲ್ಲೇ. ಮೊದಲೇ ಹೇಳಬಾರದಿತ್ತಾ?"