ಸಾಲ ತೀರದ ಮನೆಯನ್ನು ವಿಶೇಷ ಅಗತ್ಯದ ಮಗುವಿಗೆ ಉಳಿಸುವುದು ಹೇಗೆ?

‘ನಮ್ಮ ಕಾಲವಾದ ಮೇಲೆ ಇವಳನ್ನು ಯಾರು ನೋಡಿಕೊಳ್ಳುತ್ತಾರೆ?’ ವಿಶೇಷ ಅಗತ್ಯದ ಮಗುವಿರುವ ಮನೆಯಲ್ಲಿ ಈ ಮಾತು ಬಾರದ ದಿನವಿಲ್ಲ. ಮನೆ ಮೇಲೆ ಗೃಹಸಾಲವೂ ಇದ್ದರೆ ಚಿಂತೆ ಇನ್ನೂ ಜಾಸ್ತಿ.

ಮೊದಲು ಸಾಲದ ಕಡೆ ನೋಡಿ. ಅಡವಿಟ್ಟ ಮನೆ ಮಗುವಿಗೆ ಹೋದರೆ ಸಾಲವೂ ಅದರ ಹಿಂದೆಯೇ ಹೋಗುತ್ತದೆ. ಕಂತು ನಿಂತರೆ ಬ್ಯಾಂಕ್ ಮನೆಯನ್ನು ಹರಾಜಿಗಿಡಬಹುದು. ಬಾಕಿ ಸಾಲದಷ್ಟಾದರೂ ಜೀವವಿಮೆ ಇರಲಿ. ಸಾಲ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೂ ವಿಮೆ ಒಬ್ಬರಿಗೆ ಮಾತ್ರ ಇರುವುದುಂಟು. ಇವತ್ತೇ ಪಾಲಿಸಿ ತೆಗೆದು ನೋಡಿ.

ಮಗುವಿನ ಜೀವನಕ್ಕೆ ಬೇರೆಯೇ ಪಾಲಿಸಿ ಬೇಕು. ತಂದೆ ಅದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಮಾಡಿಸಿದರೆ ಹಣ ಹೆಂಡತಿ ಮಕ್ಕಳಿಗೇ ಮೀಸಲು. ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ. ಆದರೆ ಪಾಲಿಸಿ ಮಾಡಿಸುವಾಗಲೇ ಹಾಗೆಂದು ಬರೆಸಬೇಕು.

ಇನ್ನು ಮನೆ ಯಾರ ಹೆಸರಿಗೆ? ಕಣ್ಣು ಕಾಣದ ಅಥವಾ ಗಾಲಿಕುರ್ಚಿ ಬಳಸುವ ಮಗಳು ತನ್ನ ವ್ಯವಹಾರ ತಾನೇ ನೋಡಿಕೊಳ್ಳುತ್ತಾಳೆ ಅಂದರೆ ನೇರವಾಗಿ ಅವಳಿಗೇ ಬರೆಯಿರಿ. ಆಸ್ತಿ ಪಡೆಯುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎತ್ತಿ ಹಿಡಿಯುತ್ತದೆ. ಅವಳ ಪರವಾಗಿ ಇನ್ನೊಬ್ಬರು ಸಹಿ ಹಾಕುವ ಮಾತೇ ಬೇಡ.

ಹಣಕಾಸು ನಿಭಾಯಿಸಲಾಗದ ಮಗುವಿನ ವಿಷಯ ಬೇರೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ‘ಅಣ್ಣ ನೋಡ್ಕೊಳ್ತಾನೆ’ ಅಂತ ಪೂರ್ತಿ ಮನೆಯನ್ನು ಅಣ್ಣನಿಗೆ ಬರೆದುಬಿಡುತ್ತಾರೆ. ಅಣ್ಣ ಒಳ್ಳೆಯವನೇ ಇರಬಹುದು. ನಾಳೆ ಅವನಿಗೇ ಸಾಲವಾದರೆ, ಅವನೇ ತೀರಿಕೊಂಡರೆ? ಬಾಯಿಮಾತನ್ನು ನಂಬಿ ಕೂರಬೇಡಿ. ಖಾಸಗಿ ಟ್ರಸ್ಟ್ ಮಾಡಿ, ಅಂದರೆ ಮಗುವಿನ ಸಲುವಾಗಿ ಆಸ್ತಿ ನೋಡಿಕೊಳ್ಳುವ ಕಾನೂನು ವ್ಯವಸ್ಥೆ. ಮನೆ ಅದರ ಕೈಯಲ್ಲಿರಲಿ, ಮಗು ಫಲಾನುಭವಿಯಾಗಿರಲಿ. ಅಣ್ಣನ ಜೊತೆ ಇನ್ನೊಬ್ಬರನ್ನಾದರೂ ಟ್ರಸ್ಟಿ (ಟ್ರಸ್ಟ್ ನಡೆಸುವವರು) ಮಾಡಿ.

ಸಾಲ ಇರುವಾಗಲೇ ಮನೆಯನ್ನು ಟ್ರಸ್ಟ್‌ಗೆ ವರ್ಗಾಯಿಸಲು ಬ್ಯಾಂಕಿನ ಒಪ್ಪಿಗೆ ಬೇಕು. ಅದಕ್ಕಿಂತ ಉಯಿಲಿನಲ್ಲೇ ಟ್ರಸ್ಟ್ ರಚಿಸುವುದು ಸುಲಭ ಅನ್ನಿಸುತ್ತದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರು ಸಾಕ್ಷಿ ಆಗದಿರಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ.

18 ತುಂಬಿದ ಮೇಲೆ ಮಗು ಕಾನೂನಿನ ಕಣ್ಣಿಗೆ ವಯಸ್ಕ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇದ್ದವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಕಾನೂನುಬದ್ಧ ಪೋಷಕರನ್ನು (ಅವರ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಗಾರ್ಡಿಯನ್) ನೇಮಿಸಲು ಸ್ಥಳೀಯ ಮಟ್ಟದ ಸಮಿತಿ ಇದೆ. ನೀವು ಗಟ್ಟಿಯಾಗಿರುವಾಗಲೇ ಅರ್ಜಿ ಹಾಕಿ.

ಕೊನೆಗೊಂದು ಪತ್ರ ಬರೆದಿಡಿ. ಅದಕ್ಕೆ ಸ್ಟಾಂಪ್ ಬೇಡ, ವಕೀಲರೂ ಬೇಡ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ಸದ್ದಿಗೆ ಹೆದರುತ್ತಾಳೆ, ಅತ್ತಾಗ ಹೇಗೆ ಸಮಾಧಾನ ಮಾಡಬೇಕು, ಎಲ್ಲವನ್ನೂ ಬರೆಯಿರಿ. ಅದು ನಿಮಗೆ ಮಾತ್ರ ಗೊತ್ತು ಅಲ್ವಾ?