ಡಯಾಲಿಸಿಸ್‌ಗೆ ಬರುವವರ ನಿದ್ದೆ: ನನ್ನ ಅನುಭವ

"ಸಿಸ್ಟರ್, ಡಾಕ್ಟರ್ ಹತ್ರ ಹೇಳಿ ಒಂದು ನಿದ್ದೆ ಮಾತ್ರೆ ಬರೆಸಿಕೊಡಿ." ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮಾತ್ರೆಯ ಮಾತು ಆಮೇಲೆ ಇರಲಿ, ರಾತ್ರಿ ಮಲಗಿದ ಮೇಲೆ ಏನಾಗುತ್ತೆ ಹೇಳಿ ಎಂದು ನಾನು ಕೇಳುತ್ತೇನೆ. ಸೂಜಿ ಹಾಕಿ, ಮೆಷಿನ್ ಶುರು ಮಾಡಿ, ಬಿಪಿ ನೋಡಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಅದೇ ಸರಿಯಾದ ಸಮಯ.

ಒಬ್ಬ ಅಜ್ಜಿ ಹೇಳಿದ್ದು ಹೀಗೆ: "ಕಾಲೊಳಗೆ ಇರುವೆ ಹರಿದಂಗಾಗುತ್ತೆ ಕಣಮ್ಮ. ಎದ್ದು ಅಂಗಳದಲ್ಲಿ ನಾಕು ಸುತ್ತು ಹಾಕಿದ್ರೆ ಸರಿ, ಮಲಗಿದ್ರೆ ಮತ್ತೆ ಅದೇ." ಮಗ ನರದ ದೌರ್ಬಲ್ಯ ಅಂದುಕೊಂಡು ಎಣ್ಣೆ ತಿಕ್ಕುತ್ತಿದ್ದ. ನಾನು ಎರಡು ಪ್ರಶ್ನೆ ಕೇಳಿದೆ. ಸಂಜೆ ಮೇಲೆ ಜಾಸ್ತಿನಾ? ಓಡಾಡಿದರೆ ಕಡಿಮೆ ಆಗುತ್ತಾ? ಎರಡಕ್ಕೂ ಹೌದು ಅಂದರು. ಇದು ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಕಾಲನ್ನು ಸುಮ್ಮನೆ ಇಡಲು ಬಿಡದ ತೊಂದರೆ, ಇರಬೇಕು ಅನ್ನಿಸಿತು. ಕಿಡ್ನಿ ಕಾಯಿಲೆ ಇರುವವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ.

ಆಮೇಲೆ ಅವರ ಮಾತ್ರೆ ಚೀಲವನ್ನು ಮಂಚದ ಮೇಲೆ ಸುರಿಸಿ ನೋಡಿದೆ. ಯಾರದೇ ಆಗಲಿ, ಚೀಟಿಗಿಂತ ಚೀಲ ನೋಡುವುದು ಒಳ್ಳೆಯದು. ಮೈ ತುರಿಕೆಗೆ ಅಂತ ಮೆಡಿಕಲ್ ಶಾಪಿನಿಂದ ತಂದ ಏವಿಲ್ ಪಟ್ಟಿ ಇತ್ತು, ರಾತ್ರಿ ಒಂದೊಂದು ನುಂಗುತ್ತಿದ್ದರಂತೆ. ಇಂಥ ಮಂಪರು ತರುವ ಅಲರ್ಜಿ ಮಾತ್ರೆಗಳು ಈ ಕಾಲಿನ ಕಾಟವನ್ನು ಹೆಚ್ಚಿಸಬಲ್ಲವು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಹಾಗೆಯೇ. ಡಾಕ್ಟರಿಗೆ ಎಲ್ಲ ತೋರಿಸಿದೆ. ಅವರು ಏವಿಲ್ ನಿಲ್ಲಿಸಿ, ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿಟ್ಟಿದೆ ಎಂದು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದರು. ಕಬ್ಬಿಣಾಂಶ ಕಡಿಮೆ ಇತ್ತು. ಡಯಾಲಿಸಿಸ್ ನಡೆಯುವಾಗಲೇ ಐರನ್ ಇಂಜೆಕ್ಷನ್ ಕೊಟ್ಟೆವು. ತುರಿಕೆಗೆ ಬೇರೆ ದಾರಿ ಹಿಡಿದೆವು: ಸ್ನಾನವಾದ ಕೂಡಲೇ ಒದ್ದೆ ಮೈಗೆ ಕೊಬ್ಬರಿ ಎಣ್ಣೆ, ಫಾಸ್ಫರಸ್ ಕಡಿಮೆ ಮಾಡುವ ಮಾತ್ರೆ ತಪ್ಪದೆ ಊಟದ ಜೊತೆಗೇ. ಸಂಜೆ ಕಾಫಿ ಬಿಡಿಸಲು ಮಾತ್ರ ತುಂಬಾ ದಿನ ಹಿಡಿಯಿತು. ಈಗ ಅಂಗಳದ ಸುತ್ತು ಅಪರೂಪಕ್ಕೆ ಅಂತಾರೆ.

ಗೊರಕೆ ವಿಷಯವನ್ನು ರೋಗಿಯನ್ನು ಕೇಳಿ ಪ್ರಯೋಜನವಿಲ್ಲ, ಹೆಂಡತಿಯನ್ನೋ ಗಂಡನನ್ನೋ ಕೇಳಬೇಕು. "ನಡುವೆ ಉಸಿರೇ ನಿಂತ ಹಾಗಾಗುತ್ತೆ, ಹೆದರಿಕೆಯಾಗುತ್ತೆ" ಅಂದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಕಿಡ್ನಿ ಹೊರಹಾಕದೆ ಹಗಲು ಕಾಲಲ್ಲಿ ಇಳಿದು ನಿಂತ ನೀರು ಮಲಗಿದಾಗ ಕುತ್ತಿಗೆ ಕಡೆ ಸರಿದು ಗಂಟಲ ದಾರಿಯನ್ನು ಕಿರಿದು ಮಾಡುತ್ತದೆ. ಕೆನಡಾದಲ್ಲಿ ರಾತ್ರಿಯಿಡೀ ನಿಧಾನವಾಗಿ ಡಯಾಲಿಸಿಸ್ ಮಾಡಿದಾಗ ಆಪ್ನಿಯಾ ಬಹಳ ಇಳಿದದ್ದು 2001ರಲ್ಲೇ ಪ್ರಕಟವಾಗಿದೆ. ನಮ್ಮಲ್ಲಿ ಆ ಅನುಕೂಲ ಇಲ್ಲ, ಒಂದು ಸಲಕ್ಕೆ 4 ಗಂಟೆ ಅಷ್ಟೇ. ಹಾಗಾಗಿ ನಾನು ಹಿಡಿಯುವುದು ಉಪ್ಪನ್ನು. ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಬಾಯಾರಿಕೆ ಇಳಿಯುತ್ತೆ, ನೀರು ಕುಡಿಯುವುದು ಕಡಿಮೆಯಾಗುತ್ತೆ, ಮುಂದಿನ ಸಲ ಬರುವಾಗ ಮೈಯಲ್ಲಿ ನಿಂತ ನೀರಿನ ತೂಕವೂ ಅಷ್ಟು ಏರಿರುವುದಿಲ್ಲ. ಆಪ್ನಿಯಾ ಇರುವವರಿಗೆ ನಿದ್ದೆ ಮಾತ್ರೆ ಅಪಾಯ. ಗಂಟಲು ಇನ್ನಷ್ಟು ಸಡಿಲವಾಗಿ ಉಸಿರು ಕಟ್ಟಬಹುದು.

ಇನ್ನು ಕೆಲವರಿಗೆ ಕಾಯಿಲೆಗಿಂತ ಪಾಳಿಯದೇ ತೊಂದರೆ. ಹಳ್ಳಿಯಿಂದ ಮೊದಲ ಪಾಳಿಗೆ ಬರುವವರು ನಡುರಾತ್ರಿ ಕಳೆಯುತ್ತಿದ್ದಂತೆ ಏಳಬೇಕು. ಮೆಷಿನ್ ಮೇಲೆ ಪೂರ್ತಿ ನಿದ್ದೆ ಹೊಡೆದರೆ ರಾತ್ರಿ ಎಲ್ಲಿಂದ ಬರಬೇಕು, ಅಲ್ವಾ? ಪಾಳಿ ಬದಲಿಸಲು ಸಾಧ್ಯವಾದರೆ ಬದಲಿಸುತ್ತೇವೆ. ಆಗದಿದ್ದರೆ ಸ್ವಲ್ಪ ಹೊತ್ತು ಮಲಗಲು ಬಿಟ್ಟು, ಆಮೇಲೆ ನಾನೇ ಮಾತಿಗೆ ಎಳೆಯುತ್ತೇನೆ.

ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಕಾಲಿನ ಕಾಟಕ್ಕೆ ಗಾಬಾಪೆಂಟಿನ್ ಎಂಬ ಮಾತ್ರೆ ಕೊಡುವುದುಂಟು, ಆದರೆ ಅದು ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಬೇರೆಯವರ ಡೋಸ್ ಇವರಿಗೆ ಕೊಟ್ಟರೆ ಮಂಪರು, ತೊದಲು, ಗೊಂದಲ ಹಿಡಿಯುತ್ತದೆ. ಪಕ್ಕದ ಮಂಚದವರ ಪಟ್ಟಿಯಿಂದ ಒಂದು ಮುರಿದು ತೆಗೆದುಕೊಂಡಿದ್ದೇನೆ ಎಂದು ಯಾರಾದರೂ ಹೇಳಿದರೆ, ಆ ಮಾತ್ರೆಯ ಹೆಸರು ಮತ್ತು ಹೊತ್ತು ಬರೆದುಕೊಂಡು ಆಗಲೇ ಡಾಕ್ಟರಿಗೆ ಫೋನ್ ಮಾಡುತ್ತೇನೆ.