ಅವೊಗಾಶಿಮಾ ದ್ವೀಪಕ್ಕೆ ಹೋಗಿಬಂದ ಬಗೆ

ಅವೊಗಾಶಿಮಾ ಆಡಳಿತದ ಲೆಕ್ಕದಲ್ಲಿ ಟೋಕಿಯೊ ಮಹಾನಗರಕ್ಕೇ ಸೇರಿದ ದ್ವೀಪ. ಅಲ್ಲಿನ ವಾಹನಗಳ ಮೇಲೂ ಟೋಕಿಯೊದ ಶಿನಾಗಾವಾ ನೋಂದಣಿಯ ಫಲಕವೇ ಇರುತ್ತದೆ. ಆದರೆ ನಗರದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್ ದೂರದಲ್ಲಿ ಪೆಸಿಫಿಕ್ ಸಾಗರದ ನಡುವೆ ಎದ್ದು ನಿಂತಿರುವ ಈ ಜೀವಂತ ಜ್ವಾಲಾಮುಖಿಯ ಮೇಲೆ ವಾಸವಾಗಿರುವವರು 200ಕ್ಕಿಂತ ಕಡಿಮೆ ಜನ. ಜನಸಂಖ್ಯೆಯಲ್ಲಿ ಜಪಾನಿನ ಅತಿ ಚಿಕ್ಕ ಗ್ರಾಮಾಡಳಿತ ಇದೇ. ಸುತ್ತಲೂ ಕಡಿದಾದ ಬಂಡೆಗೋಡೆಗಳಿರುವುದರಿಂದ ಕಾಲು ಚಾಚಿ ಕೂರುವಂಥ ಮರಳ ತೀರ ಇಲ್ಲಿಲ್ಲ. ಉದ್ಯೋಗದ ನಿಮಿತ್ತ ಟೋಕಿಯೊದಲ್ಲಿ ನೆಲೆಸಿರುವ ನಾನು ಈ ದ್ವೀಪವನ್ನು ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ: ತೀರವಿಲ್ಲದ ಕಡೆಗೆ ಜನಜಂಗುಳಿ ಬರುವುದಿಲ್ಲ.

ಟೋಕಿಯೊದಿಂದ ನೇರ ಸಂಪರ್ಕವಿಲ್ಲ. ಮೊದಲು ಹಚಿಜೊಜಿಮಾ ದ್ವೀಪವನ್ನು ಸೇರಬೇಕು. ಹನೇಡಾದಿಂದ ವಿಮಾನದಲ್ಲಾದರೆ ಸುಮಾರು ಒಂದು ಗಂಟೆ, ಟಕೆಶಿಬಾ ಬಂದರಿನಿಂದ ಹಡಗಿನಲ್ಲಾದರೆ ಒಂದು ರಾತ್ರಿ. ಅಲ್ಲಿಂದ ಮುಂದಿನ ಸುಮಾರು 70 ಕಿಲೋಮೀಟರ್ ದಾರಿಯೇ ಕಷ್ಟದ್ದು. ಸಣ್ಣ ಹಡಗು ಸುಮಾರು 3 ಗಂಟೆ ತೆಗೆದುಕೊಳ್ಳುತ್ತದೆ, ಹೆಲಿಕಾಪ್ಟರ್ 20 ನಿಮಿಷ. ಹೆಲಿಕಾಪ್ಟರಿನಲ್ಲಿ ಇರುವುದು 9 ಆಸನ ಮಾತ್ರ. ಅವುಗಳಿಗಾಗಿ ದ್ವೀಪದವರೂ ಕಾಮಗಾರಿಗೆ ಬರುವವರೂ ಕಾದಿರುವುದರಿಂದ, ಒಂದು ತಿಂಗಳ ಮೊದಲು ಕಾಯ್ದಿರಿಸುವಿಕೆ ಆರಂಭವಾಗುವ ದಿನವೇ ಪ್ರಯತ್ನಿಸಬೇಕಾಗುತ್ತದೆ. ಅವೊಗಾಶಿಮಾದ ಬಂದರಿಗೆ ಕೊಲ್ಲಿಯ ಆಸರೆಯಿಲ್ಲ, ಹಾಗಾಗಿ ಅಲೆ ಸ್ವಲ್ಪ ಎದ್ದರೂ ಹಡಗು ರದ್ದಾಗುತ್ತದೆ. ನಾನು ಹೋಗುವುದಕ್ಕೆ ಹಡಗನ್ನೂ ಹಿಂತಿರುಗುವುದಕ್ಕೆ ಹೆಲಿಕಾಪ್ಟರನ್ನೂ ಇಟ್ಟುಕೊಂಡೆ. ಹೋಗುವಾಗ ತಡವಾದರೆ ಹಚಿಜೊಜಿಮಾದ ಬಿಸಿನೀರಿನ ಬುಗ್ಗೆಗಳಲ್ಲಿ ಕಾಲ ಕಳೆಯಬಹುದು, ಬರುವಾಗ ತಡವಾದರೆ ಕಚೇರಿಗೆ ಉತ್ತರ ಹೇಳಬೇಕು.

ಟಿಕೆಟ್ಟಿಗೂ ಮೊದಲು ವಸತಿಯನ್ನು ಗೊತ್ತುಮಾಡಿಕೊಳ್ಳಬೇಕು. ಬೆರಳೆಣಿಕೆಯ ಅತಿಥಿಗೃಹಗಳಿದ್ದು, ಹಗಲು ಊಟಕ್ಕೆ ಹೋಟೆಲುಗಳಿಲ್ಲದ ಕಾರಣ ಸಾಮಾನ್ಯವಾಗಿ ಊಟವನ್ನು ಮನೆಯವರೇ ಕೊಡುತ್ತಾರೆ. ಡೇರೆ ಹಾಕುವುದಕ್ಕೂ ಗ್ರಾಮ ಕಚೇರಿಗೆ ಮುಂಚಿತವಾಗಿ ತಿಳಿಸಬೇಕು. ಸಸ್ಯಾಹಾರಿಯಾದ ನನಗೆ ಅಲ್ಲಿನ ಅಡುಗೆ ಸುಲಭದ್ದಲ್ಲ, ಏಕೆಂದರೆ ಮೀನು ಕಾಣದ ಪದಾರ್ಥದಲ್ಲೂ ಮೀನಿನ ಸಾರು ಸೇರಿರುತ್ತದೆ. ಅನ್ನ ಮತ್ತು ಬೇಯಿಸಿದ ತರಕಾರಿ ಕೊಟ್ಟರೆ ಸಾಕೆಂದು ಮನೆಯೊಡತಿಗೆ ಫೋನಿನಲ್ಲಿ ಮೊದಲೇ ವಿನಂತಿಸಿಕೊಂಡು, ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಜೊತೆಗೆ ಒಯ್ದೆ. ಹೆಲಿಕಾಪ್ಟರಿನಲ್ಲಿ ಉಚಿತವಾಗಿ ಒಯ್ಯಬಹುದಾದ ಸಾಮಾನು 5 ಕಿಲೋ ಮಾತ್ರವಾದ್ದರಿಂದ ಚೀಲವನ್ನು ಮನೆಯಲ್ಲೇ ತೂಗಿ ನೋಡಿಕೊಂಡಿದ್ದೆ.

ದ್ವೀಪದ ರಚನೆ ಅರ್ಥವಾಗಬೇಕಾದರೆ 423 ಮೀಟರ್ ಎತ್ತರದ ಒಟೊನ್ಬು ಶಿಖರವನ್ನು ಹತ್ತಬೇಕು. ಹೊರಗಿನ ಅಂಚು ಕೋಟೆಗೋಡೆಯಂತೆ ಸುತ್ತುವರಿದಿದ್ದು, ಅದರೊಳಗೆ ಇಕೆನೊಸಾವಾ ಎಂಬ ತಗ್ಗು, ಆ ತಗ್ಗಿನ ನಡುವೆ ಹಸಿರು ಹೊದ್ದ ಮರುಯಾಮಾ ಎಂಬ ಚಿಕ್ಕ ಗುಡ್ಡ ಕಾಣುತ್ತವೆ. ಆ ಗುಡ್ಡ 1780ರ ದಶಕದ ಸ್ಫೋಟಗಳಲ್ಲಿ ಮೂಡಿದ್ದು. 1785ರಲ್ಲಿ ದ್ವೀಪದ 300ಕ್ಕೂ ಹೆಚ್ಚು ನಿವಾಸಿಗಳ ಪೈಕಿ ಸುಮಾರು 130 ಜನ ಸತ್ತರು. ಹಚಿಜೊಜಿಮಾಕ್ಕೆ ದಾಟಿ ಬದುಕುಳಿದವರು ಮತ್ತು ಅವರ ಮಕ್ಕಳು ಊರಿಗೆ ಮರಳಿ ನೆಲೆಯೂರಲು ಸುಮಾರು ಅರ್ಧ ಶತಮಾನ ಹಿಡಿಯಿತು. ಈಗಿನ ಊರು ಉತ್ತರದ ಮೇಲಂಚಿನಲ್ಲಿದೆ. ಇದನ್ನು ತಿಳಿದು ತಗ್ಗಿನೊಳಗೆ ಇಳಿದರೆ ಅಲ್ಲಿನ ಮೌನ ಬೇರೆಯೇ ಆಗಿ ಕೇಳಿಸುತ್ತದೆ.

ನಾನು ಹೆಚ್ಚು ಹೊತ್ತು ಕಳೆದದ್ದು ಈ ತಗ್ಗಿನಲ್ಲಿಯೇ. ಸ್ಥಳೀಯರು ಹಿಂಗ್ಯಾ ಎಂದು ಕರೆಯುವ ಬಿರುಕುಗಳಿಂದ ಬಿಸಿ ಹಬೆ ಬರುತ್ತಿರುತ್ತದೆ. ಅದೇ ಹಬೆಯಿಂದ ಗ್ರಾಮದ ಸೌನಾ, ಅಂದರೆ ಬಿಸಿ ಕೋಣೆಯಲ್ಲಿ ಕೂತು ಬೆವರುವ ಸ್ನಾನಗೃಹ, ನಡೆಯುತ್ತದೆ, ಸಮುದ್ರದ ನೀರಿನಿಂದ ಉಪ್ಪೂ ತಯಾರಾಗುತ್ತದೆ. ಸೌನಾದ ಹೊರಗೆ ಯಾರು ಬೇಕಾದರೂ ಬಳಸಬಹುದಾದ ಹಬೆಪೆಟ್ಟಿಗೆಗಳಿವೆ. ಗೆಣಸು, ಆಲೂಗಡ್ಡೆಗಳನ್ನು ಒಳಗಿಟ್ಟು, ಮುಚ್ಚಳ ಹಾಕಿ, ವಾಲ್ವನ್ನು ನಿಧಾನವಾಗಿ ತಿರುಗಿಸಿದಾಗ ಕೊಳವೆಯೊಳಗೆ ಮೊದಲು ಗುಳುಗುಳು ಸದ್ದಾಗಿ, ಬಳಿಕ ಇಡ್ಲಿ ಪಾತ್ರೆಯ ಅಂಚಿನಿಂದ ಬರುವಂತೆ ಸಣ್ಣಗೆ ಹಬೆ ಹೊರಡುತ್ತದೆ. ಮುಕ್ಕಾಲು ಗಂಟೆಯ ನಂತರ ತೆಗೆದ ಗೆಣಸಿನ ಸಿಪ್ಪೆ ತೊಯ್ದು ಸಡಿಲಾಗಿತ್ತು, ತಿರುಳಿನಲ್ಲಿ ಬಹಳ ಸಣ್ಣ ಗಂಧಕದ ವಾಸನೆ ಇತ್ತು. ಅದರ ಮೇಲೆ ಆ ದ್ವೀಪದ ಉಪ್ಪು ಉದುರಿಸಿಕೊಂಡು ತಿಂದೆ. ಚಟ್ನಿಪುಡಿಗೆ ಅಂದು ಕೆಲಸವಿರಲಿಲ್ಲ.

ಏಕಾಂತವೆಂದರೆ ಸೌಕರ್ಯವೂ ಇರಬೇಕೆನ್ನುವವರಿಗೆ ಈ ಸ್ಥಳವನ್ನು ನಾನು ಸೂಚಿಸಲಾರೆ. ದಿನಸಿಗೆ ಇರುವುದು ಒಂದೇ ಅಂಗಡಿ. ಹಡಗು ಬಾರದಿದ್ದರೆ ಅಲ್ಲಿನ ಕಪಾಟುಗಳೂ ಬರಿದಾಗುತ್ತವೆ. ಬ್ಯಾಂಕ್ ಇಲ್ಲ, ಅಂಚೆ ಕಚೇರಿ ಮಾತ್ರ ಇದೆ, ಆದ್ದರಿಂದ ನಗದು ಒಯ್ಯುವುದು ಒಳ್ಳೆಯದು. ಹಡಗು ಬರುವುದೋ ಇಲ್ಲವೋ ಎಂಬುದನ್ನು ಬೆಳಿಗ್ಗೆ ಊರಿನ ಧ್ವನಿವರ್ಧಕದಲ್ಲಿ ಸಾರುತ್ತಾರೆ. ಅದನ್ನು ಕೇಳಿದ ಮೇಲೆಯೇ ಊರಿನವರೂ ದಿನದ ಕೆಲಸ ನಿರ್ಧರಿಸುತ್ತಾರೆ. ಮಂಜು ಕವಿದರೆ ಹೆಲಿಕಾಪ್ಟರ್ ಸಹ ಬರುವುದಿಲ್ಲ. ಹೀಗಾಗಿ ಮಳೆಗಾಲದ ಜೂನ್ ತಿಂಗಳನ್ನೂ ಚಂಡಮಾರುತಗಳ ಆಗಸ್ಟ್–ಸೆಪ್ಟೆಂಬರನ್ನೂ ಬಿಟ್ಟು, ಮರಳಬೇಕಾದ ದಿನದ ನಂತರ ಒಂದೆರಡು ರಜೆಯನ್ನು ಖಾಲಿ ಇಟ್ಟುಕೊಂಡೇ ಹೊರಡುವುದು ಉಚಿತ.